ಕರುಳಿನ ವೈರಾಣುಗಳಿಂದ ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಕೆಡುತ್ತದೆಯೇ?

ಪ್ರಶ್ನೆ: ನಾಪೋಕ್ಲಿನ ಓದುಗ
ನನ್ನ ತಾಯಿಗೆ 58 ವರ್ಷ. 11 ವರ್ಷಗಳಿಂದ ಎರಡನೇ ಬಗೆಯ ಸಕ್ಕರೆ ಕಾಯಿಲೆ ಇದೆ. ಕಳೆದ ತಿಂಗಳು ಮಡಿಕೇರಿಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿದಾಗ ಆಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣ, ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯವಾದ ಕ್ರಿಯಾಟಿನಿನ್‌ನ ಒಂದು ಗ್ರಾಂಗೆ 85 ಮಿಲಿಗ್ರಾಂ ಬಂದಿತು. ಕರುಳಿನ ವೈರಾಣುಗಳಿಗೂ ಮೂತ್ರಪಿಂಡದ ತೊಂದರೆಗೂ ನಂಟಿದೆ ಎಂದು ಓದಿದಂದಿನಿಂದ ಮನೆಯಲ್ಲಿ ಇದೇ ಮಾತು. ನಾವು ಕುಡಿಯುವುದು ತೋಟದ ಬಾವಿಯ ನೀರು, ಮಳೆಗಾಲದಲ್ಲಿ ಅದು ಕದಡುತ್ತದೆ. ಕಾರಣ ಅದೇ ಇರಬಹುದೇ? ಮಲ ಪರೀಕ್ಷೆ ಮಾಡಿಸಿ ವೈರಾಣುಗಳಿಗೆ ಔಷಧ ಕೊಡಿಸಬಹುದೇ?

ಉತ್ತರ: ಜೀವಶಾಸ್ತ್ರ ಉಪನ್ಯಾಸಕ, ವಿರಾಜಪೇಟೆ
ಇಲ್ಲಿ ವೈರಾಣು ಎಂಬ ಪದವೇ ದಾರಿ ತಪ್ಪಿಸುತ್ತಿದೆ. ಕರುಳಿನಲ್ಲಿರುವ ವೈರಾಣುಗಳಲ್ಲಿ ಬಹುಪಾಲು, 1917ರಲ್ಲಿ ವಿಜ್ಞಾನಿ ಫೆಲಿಕ್ಸ್ ದೆರೆಲ್ ಬ್ಯಾಕ್ಟೀರಿಯೊಫೇಜ್ (ಚುಟುಕಾಗಿ ಫೇಜ್) ಎಂದು ಹೆಸರಿಟ್ಟವು. ಅವು ದಾಳಿ ಮಾಡುವುದು ನಮ್ಮ ಜೀವಕೋಶಗಳ ಮೇಲಲ್ಲ, ಅಲ್ಲಿಯ ಬ್ಯಾಕ್ಟೀರಿಯಾಗಳ ಮೇಲೆ. ಬಹಳಷ್ಟು ಜನರ ಕರುಳಿನಲ್ಲಿ ವಾಸವಾಗಿರುವ ಕ್ರಾಸ್‌ಫೇಜ್ ಎಂಬ ಫೇಜ್ ಪತ್ತೆಯಾದದ್ದೇ 2014ರಲ್ಲಿ ಎಂದರೆ ಈ ವಿಷಯ ಎಷ್ಟು ಹೊಸದೆಂದು ತಿಳಿಯುತ್ತದೆ.

ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಆಹಾರದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್‌ ಎಂಬ ಅಂಶದಿಂದ ಇಂಡೋಲ್ ಎಂಬ ರಾಸಾಯನಿಕ ತಯಾರಿಸುತ್ತವೆ, ಯಕೃತ್ತು ಅದನ್ನು ಇಂಡಾಕ್ಸಿಲ್ ಸಲ್ಫೇಟ್ ಆಗಿ ಬದಲಿಸುತ್ತದೆ, ಅದನ್ನು ಹೊರಹಾಕಬೇಕಾದ ಮೂತ್ರಪಿಂಡ ಸೋತಾಗ ಅದು ರಕ್ತದಲ್ಲಿ ಉಳಿದು ಮೂತ್ರಪಿಂಡಕ್ಕೇ ಮತ್ತಷ್ಟು ಹಾನಿ ಮಾಡುತ್ತದೆ. ಯಾವ ಬ್ಯಾಕ್ಟೀರಿಯಾ ಹೆಚ್ಚಬೇಕು, ಯಾವುದು ತಗ್ಗಬೇಕು ಎಂಬುದರಲ್ಲಿ ಫೇಜ್‌ಗಳ ಕೈವಾಡ ಇರುವುದರಿಂದ ನಂಟು ಇರಬಹುದೆಂಬ ಊಹೆ ಹುಟ್ಟಿದೆ. ಆದರೆ ಫೇಜ್‌ಗಳ ಬದಲಾವಣೆಯಿಂದ ರೋಗವೋ, ರೋಗದಿಂದ ಬದಲಾವಣೆಯೋ ಇನ್ನೂ ಇತ್ಯರ್ಥವಾಗಿಲ್ಲ; ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೊಂದೇ ಕರುಳಿನ ಬ್ಯಾಕ್ಟೀರಿಯಾಗಳನ್ನು ಸಾಕಷ್ಟು ಬದಲಿಸುತ್ತದೆ. ಬಾವಿಯ ನೀರನ್ನು ಕುದಿಸಿಯೇ ಕುಡಿಯಿರಿ, ಆದರೆ ಅದು ಕಾಮಾಲೆ, ಭೇದಿಗಳ ಭಯಕ್ಕೆ.

ಉತ್ತರ: ಸೋಮವಾರಪೇಟೆಯ ಓದುಗಿ
ಮನುಷ್ಯರ ಜೀವಕೋಶಕ್ಕೇ ತಗಲುವ ವೈರಾಣುಗಳನ್ನು ಹೀಗೆ ಬದಿಗೆ ಸರಿಸಬಾರದು. ಕಾಕ್ಸಾಕಿ ಬಿ ಸೇರಿದ ಎಂಟೆರೊವೈರಸ್‌ಗಳು (ಕರುಳಿನಲ್ಲಿ ಬೆಳೆಯುವ ವೈರಾಣುಗಳು) ಮಕ್ಕಳ ಮಲದಲ್ಲಿ ದೀರ್ಘಕಾಲ ಕಾಣಿಸಿಕೊಳ್ಳುವುದಕ್ಕೂ ಇನ್ಸುಲಿನ್ ತಯಾರಿಸುವ ಕೋಶಗಳ ವಿರುದ್ಧ ದೇಹವೇ ತಿರುಗಿಬೀಳುವುದಕ್ಕೂ ಸಂಬಂಧವಿದೆ ಎಂದು ಮಕ್ಕಳ ಸಕ್ಕರೆ ಕಾಯಿಲೆಯ ಕಾರಣ ಹುಡುಕುವ ಟೆಡ್ಡಿ ಅಧ್ಯಯನ 2019ರಲ್ಲಿ ವರದಿ ಮಾಡಿದೆ.

ಉತ್ತರ: ಜೀವಶಾಸ್ತ್ರ ಉಪನ್ಯಾಸಕ, ವಿರಾಜಪೇಟೆ
ಒಪ್ಪಿದೆ, ಆದರೆ ಅದು ಮೊದಲನೇ ಬಗೆಯ ಕಾಯಿಲೆಯ ಮಾತು, ಇವರ ತಾಯಿಯದು ಎರಡನೆಯದು. ಫೇಜ್‌ಗಳಿಗಂತೂ ನುಂಗುವ ಔಷಧವಿಲ್ಲ, ಮಲ ಪರೀಕ್ಷೆಯ ವರದಿ ಬಂದರೂ ಚಿಕಿತ್ಸೆ ಬದಲಾಗದು.

ಉತ್ತರ: ಗೋಣಿಕೊಪ್ಪದ ಪ್ರಯೋಗಾಲಯ ತಂತ್ರಜ್ಞೆ
ಮೂತ್ರದ ಆಲ್ಬುಮಿನ್ 30ಕ್ಕಿಂತ ಕಡಿಮೆ ಇರಬೇಕಾದದ್ದು 85 ಇದೆ, ನಿಜ. ಆದರೆ ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ವಿಪರೀತ ದೈಹಿಕ ಶ್ರಮ ಇವುಗಳಿಂದಲೂ ಆಲ್ಬುಮಿನ್ ಏರುತ್ತದೆ. ಆದ್ದರಿಂದ ಬೆಳಗಿನ ಮೊದಲ ಮೂತ್ರವನ್ನು ಮತ್ತೆ ಕೊಟ್ಟು, ಮೂರರಿಂದ ಆರು ತಿಂಗಳೊಳಗಿನ ಮೂರು ಪರೀಕ್ಷೆಗಳಲ್ಲಿ ಎರಡರಲ್ಲಿಯಾದರೂ ಹೆಚ್ಚಿದೆಯೇ ಎಂದು ನೋಡುವುದು ವಾಡಿಕೆ. ಡಾಪಾಗ್ಲಿಫ್ಲೋಜಿನ್‌ನಂತಹ ಸಕ್ಕರೆ ಕಾಯಿಲೆಯ ಔಷಧಗಳು ಮೂತ್ರಪಿಂಡದ ಕುಸಿತವನ್ನು ನಿಧಾನಗೊಳಿಸುತ್ತವೆ, ವೈದ್ಯರನ್ನು ಕೇಳಿ. ನೋವಿನ ಮಾತ್ರೆಗಳನ್ನೇನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ?

ಪ್ರಶ್ನೆ ಕೇಳಿದವರಿಂದ
ಹೌದು. ಕಾಫಿ ಕೊಯ್ಲಿನ ಕಾಲದಿಂದ ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ನುಂಗುತ್ತಿದ್ದಾರೆ. ವೈದ್ಯರಿಗೆ ಇದನ್ನು ನಾವು ಹೇಳಿಯೇ ಇರಲಿಲ್ಲ.

ಉತ್ತರ: ಗೋಣಿಕೊಪ್ಪದ ಪ್ರಯೋಗಾಲಯ ತಂತ್ರಜ್ಞೆ
ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಆ ಮಾತ್ರೆ ಕಡಿಮೆ ಮಾಡುತ್ತದೆ. ಇನ್ನು ಕೊಡಬೇಡಿ, ಉಳಿದ ಮಾತ್ರೆಗಳನ್ನು ಚೀಟಿಯ ಜೊತೆ ವೈದ್ಯರಿಗೆ ತೋರಿಸಿ.