ಸಹಾಯ ಬೇಕು: ಹಲ್ಲಿಯ ಜೀನೋಮ್‌ಗೆ ಈ ಜಿಗಿಯುವ ಡಿಎನ್‌ಎ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಟ್ರಾನ್ಸ್‌ಪೋಸಾನ್‌ಗಳ (ಜೀನೋಮ್‌ನೊಳಗೆ ಜಾಗ ಬದಲಿಸುವ, ಅಂದರೆ ಜಿಗಿಯುವ ಡಿಎನ್‌ಎ ತುಣುಕುಗಳ) ಮೇಲೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಸ್ವಲ್ಪ ನೋಡಿ.

ಒಂದು ಹಲ್ಲಿಯ ಜೀನೋಮ್‌ನಲ್ಲಿ ರಿಪೀಟ್‌ಮಾಡೆಲರ್ (ಪದೇಪದೇ ಬರುವ ಡಿಎನ್‌ಎ ಹುಡುಕುವ ತಂತ್ರಾಂಶ) ಓಡಿಸಿದಾಗ ಮ್ಯಾರಿನರ್ ಅನ್ನೋ ಟ್ರಾನ್ಸ್‌ಪೋಸಾನ್ ಗುಂಪಿನ ತುಣುಕು ಸಿಕ್ಕಿತು. ಎರಡೂ ತುದಿಗಳಲ್ಲಿ ತಿರುವುಮುರುವಾದ ಅನುಕ್ರಮ, ಅದರಾಚೆ ಎರಡೂ ಕಡೆ ಟಿಎ ಅನ್ನೋ ಎರಡಕ್ಷರ. ಲಕ್ಷಣವೆಲ್ಲ ಸರಿ. ವಿಚಿತ್ರ ಏನಂದರೆ, ಹತ್ತಿರದ ಹಲ್ಲಿಗಳಲ್ಲಿ ಇದರ ಸುಳಿವೇ ಇಲ್ಲ. ಬ್ಲಾಸ್ಟ್ ಮಾಡಿದರೆ (ಡೇಟಾಬೇಸ್‌ನ ಅನುಕ್ರಮಗಳ ಜೊತೆ ಹೋಲಿಸಿದರೆ) ಒಂದು ಕೀಟದ ಅನುಕ್ರಮಕ್ಕೆ ಜಾಸ್ತಿ ಹೋಲುತ್ತೆ!

ಹಲ್ಲಿ ತಿಂದ ಕೀಟದ ಡಿಎನ್‌ಎ ಸ್ಯಾಂಪಲ್‌ಗೆ ಸೇರಿರಬಹುದು ಅಂತ ಮೊದಲ ಅನುಮಾನ ಬಂತು, ಸಹಜ ಅಲ್ವಾ? ಆದರೆ ಕೆಲವು ಉದ್ದನೆಯ ರೀಡ್‌ಗಳಲ್ಲಿ (ಯಂತ್ರ ಒಂದೇ ಎಳೆಯಾಗಿ ಓದಿದ ಡಿಎನ್‌ಎ ತುಣುಕುಗಳಲ್ಲಿ) ಇದರ ಅಕ್ಕಪಕ್ಕ ಹಲ್ಲಿಯದೇ ಜೀನ್‌ಗಳಿವೆ. ಹಾಗಾಗಿ ಅಡ್ಡದಾರಿಯಲ್ಲಿ, ಅಂದರೆ ಪೂರ್ವಜರಿಂದಲ್ಲದೆ ಬೇರೊಂದು ಜೀವಿಯಿಂದ ನೇರವಾಗಿ ಬಂದಿದೆ ಅಂತಲೇ ನನ್ನ ಅಂದಾಜು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಇದನ್ನು ಸಾಬೀತು ಮಾಡಲು, ಹಲ್ಲಿ ಮತ್ತು ಆ ಕೀಟದ ಸಾಮಾನ್ಯ ಜೀನ್‌ಗಳಿಗಿಂತ ಈ ತುಣುಕಿನ ಸೈನಾನಿಮಸ್ (ಪ್ರೋಟೀನ್ ಬದಲಿಸದ) ವ್ಯತ್ಯಾಸ ತುಂಬಾ ಕಡಿಮೆ ಇದೆ ಅಂತ ತೋರಿಸಬೇಕು. ಆದರೆ ಹೆಚ್ಚಿನ ಪ್ರತಿಗಳ ಟ್ರಾನ್ಸ್‌ಪೋಸೇಸ್ (ತುಣುಕನ್ನು ಜಿಗಿಸುವ ಕಿಣ್ವ) ಜೀನ್‌ನಲ್ಲಿ ನಡುನಡುವೆ ಸ್ಟಾಪ್ ಕೋಡಾನ್‌ಗಳಿವೆ, ಅಂದರೆ ಪ್ರೋಟೀನ್ ಅರ್ಧಕ್ಕೇ ನಿಲ್ಲಿಸುವ ಸಂಕೇತಗಳು. ಕನ್ಸೆನ್ಸಸ್ (ಎಲ್ಲ ಪ್ರತಿಗಳಿಂದ ಒಂದು ಸಾಮಾನ್ಯ ಅನುಕ್ರಮ) ಕಟ್ಟಿ ಹೋಲಿಸಬೇಕೋ, ಒಂದೊಂದೇ ಪ್ರತಿಯನ್ನೋ? ಕನ್ಸೆನ್ಸಸ್ ಮಾಡುವಾಗ ಸಿಪಿಜಿ ಜಾಗಗಳನ್ನು (ಸಿ ನಂತರ ಜಿ ಬರುವ, ಬೇಗ ರೂಪಾಂತರವಾಗುವ ಜಾಗಗಳನ್ನು) ಹೇಗೆ ಸರಿಪಡಿಸುತ್ತೀರಿ?

ಇನ್ನೊಂದು, ದಿಕ್ಕು. ಹಣ್ಣಿನ ನೊಣ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ಗೆ ಪಿ ಎಲಿಮೆಂಟ್ ಅನ್ನೋ ಟ್ರಾನ್ಸ್‌ಪೋಸಾನ್ ಬಂದದ್ದು 20ನೇ ಶತಮಾನದಲ್ಲಿ ಅಂತ ಗೊತ್ತಾಗಲು ಹಳೇ ಲ್ಯಾಬ್ ತಳಿಗಳಿದ್ದವು, ಅವುಗಳಲ್ಲಿ ಅದು ಇರಲಿಲ್ಲ. ನನ್ನ ಹತ್ತಿರ ಅಂಥದ್ದೇನೂ ಇಲ್ಲ. ಕೀಟದಿಂದ ಹಲ್ಲಿಗೋ, ಅಥವಾ ಇಬ್ಬರಿಗೂ ಮೂರನೆಯದರಿಂದಲೋ? ಇದಕ್ಕೆ ಯಾವ ಯಾವ ಪ್ರಾಣಿಗಳನ್ನು ವಂಶವೃಕ್ಷಕ್ಕೆ ಸೇರಿಸಬೇಕು? ಹಲ್ಲಿಗಳಿಗೆ ಅಂಟುವ ಉಣ್ಣಿ, ನುಸಿಗಳ ಜೀನೋಮ್ ನೋಡೋಣ ಅಂದುಕೊಂಡಿದ್ದೇನೆ. ಅಲೈನ್‌ಮೆಂಟ್ ಫೈಲ್ ಬೇಕಾದವರು ಕಮೆಂಟ್ ಹಾಕಿ, ಕಳಿಸುತ್ತೇನೆ.