‘ರಾಡಿಕಲೈಸೇಷನ್’: ಜಾರುವುದೋ, ಸೆಳೆಯುವುದೋ?

ಎಲ್ಲರಿಗೂ ನಮಸ್ಕಾರ.

ಸಾಮಾಜಿಕ ಜಾಲತಾಣಗಳ ಕುರಿತ ಲೇಖನವೊಂದನ್ನು ಬರೆಯುತ್ತಾ ‘ರಾಡಿಕಲೈಸೇಷನ್’, ಅಂದರೆ ಒಬ್ಬ ವ್ಯಕ್ತಿ ಮೆಲ್ಲಮೆಲ್ಲಗೆ ಅತಿರೇಕದ ವಿಚಾರಗಳನ್ನು ತಲುಪುವುದು, ಎಂಬಲ್ಲಿಗೆ ಬಂದು ನಿಂತಿದ್ದೇನೆ. ನೀವು ಇದಕ್ಕೆ ಕನ್ನಡದಲ್ಲಿ ಯಾವ ಪದ ಬಳಸುತ್ತೀರಿ?

ಪತ್ರಿಕೆಗಳಲ್ಲಿ ಕಾಣುವ ‘ಮೂಲಭೂತವಾದ’ ಇಲ್ಲಿ ಸಲ್ಲದು. ಧರ್ಮದ ಸೋಂಕಿಲ್ಲದೆ ಜನಾಂಗದ್ವೇಷಕ್ಕೋ ಪಿತೂರಿಯ ಕಥೆಗಳಿಗೋ ಬಿದ್ದವರೂ ಇದ್ದಾರಲ್ಲ. ‘ಉಗ್ರವಾದಿ’ ಎಂದರೆ ಆಗಲೇ ಆಯುಧ ಹಿಡಿದವನು. ನನಗೆ ಬೇಕಿರುವುದು ಅದಕ್ಕೂ ಮುಂಚಿನ ಹಾದಿಯ ಹೆಸರು: ಅವಮಾನ, ಒಂಟಿತನ, ‘ತಪ್ಪೆಲ್ಲ ಅವರದೇ’ ಎಂದು ಬೆರಳು ತೋರಿಸಿಕೊಡುವ ಗುಂಪು, ಹಳೆಯ ಗೆಳೆಯರು ಒಬ್ಬೊಬ್ಬರೇ ದೂರವಾಗುವುದು. ಮನೋವಿಜ್ಞಾನಿ ಆರಿ ಕ್ರುಗ್ಲಾನ್‌ಸ್ಕಿ ಇದರ ಬೇರನ್ನು ತನಗೂ ಬೆಲೆಯಿದೆ ಅನಿಸಬೇಕೆಂಬ ಹಂಬಲದಲ್ಲಿ ಕಾಣುತ್ತಾರೆ. ಈ ಘಟ್ಟದಲ್ಲಿರುವವನನ್ನು ಉಗ್ರ ಎಂದುಬಿಟ್ಟರೆ ಅವನೊಡನೆ ಮಾತೇ ಮುಗಿಯಿತು.

‘ತೀವ್ರಗಾಮಿ’ಯಲ್ಲಿ ನಡಿಗೆಯ ಅರ್ಥವಿದೆ, ನಿಜ. ಆದರೆ ಶಾಲೆಯ ಇತಿಹಾಸದಲ್ಲಿ ಅದು ತಿಲಕರ ಬಣದ ಹೆಸರು. 1907ರ ಸೂರತ್ ಒಡಕಿನ ಪಾಠ ಓದಿದವರಿಗೆ ಅದು ಗೌರವದ ಮಾತು. ‘ತೀವ್ರಗೊಳ್ಳು’? ಹೋರಾಟ ತೀವ್ರಗೊಳ್ಳುತ್ತದೆ, ಚಳಿ ತೀವ್ರಗೊಳ್ಳುತ್ತದೆ. ಮನುಷ್ಯ ತೀವ್ರಗೊಂಡ ಎಂದರೆ ಕಿವಿ ಒಪ್ಪದು.

ಇದಕ್ಕಿಂತ ದೊಡ್ಡ ತೊಡಕು ಕ್ರಿಯಾಪದದ್ದು. ಇಂಗ್ಲಿಷಿನ ಕರ್ಮಣಿ ರೂಪ (‘ವಾಸ್ ರಾಡಿಕಲೈಸ್ಡ್’) ಮಾಡಿದವರು ಯಾರೆಂದು ಹೇಳದೆ ಜಾರಿಕೊಳ್ಳುತ್ತದೆ. ಸಹಜ ಕನ್ನಡದಲ್ಲಿ ಅವನೇ ಆದನೋ, ಯಾರಾದರೂ ಮಾಡಿದರೋ ಎಂದು ಆರಿಸಬೇಕಾಗುತ್ತದೆ. ಆಡುಮಾತಿನ ‘ತಲೆ ಕೆಡಿಸಿದರು’ ಹೊಣೆಯನ್ನೆಲ್ಲ ಬೇರೆಯವರ ಮೇಲೆ ಹಾಕುತ್ತದೆ. ಸಾಕ್ಷ್ಯವೋ ಎರಡೂ ಕಡೆಗಿದೆ. ತೀವ್ರವಾದಿ ಗುಂಪುಗಳಿಗೆ ಆಗುವ ಸೇರ್ಪಡೆಗಳಲ್ಲಿ ಶೇ 64ರಷ್ಟು ತನ್ನದೇ ಶಿಫಾರಸುಗಳಿಂದ ಎಂದು 2016ರಲ್ಲಿ ಫೇಸ್‌ಬುಕ್‌ನ ಒಳವರದಿಯೊಂದು ಹೇಳಿತ್ತು. 2020ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಅದನ್ನು ಬಯಲಿಗೆ ತಂದಿತು. ಇಲ್ಲಿ ಸೆಳೆದವರು ಇದ್ದಾರೆ. ಆದರೆ ಯೂಟ್ಯೂಬ್ 2019ರಲ್ಲಿ ಶಿಫಾರಸುಗಳನ್ನು ಬಿಗಿಮಾಡಿದ ನಂತರದ ಮಾಹಿತಿ ಆಧರಿಸಿ 2023ರಲ್ಲಿ ಸೈನ್ಸ್ ಅಡ್ವಾನ್ಸಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಅಲ್ಲಿನ ತೀವ್ರವಾದಿ ಚಾನೆಲ್‌ಗಳ ನೋಡುಗರು ಹೆಚ್ಚಾಗಿ ಮೊದಲೇ ಜನಾಂಗ, ಲಿಂಗದ ವಿಚಾರದಲ್ಲಿ ಅಸಮಾಧಾನ ತುಂಬಿಕೊಂಡು ಚಂದಾದಾರರಾದವರು.

ಹಾಗಾಗಿ ಸಂದರ್ಭ ನೋಡಿ ‘ತೀವ್ರವಾದಕ್ಕೆ ಜಾರು’, ‘ತೀವ್ರವಾದಕ್ಕೆ ಸೆಳೆ’ ಎಂದು ಎರಡನ್ನೂ ಬಳಸುತ್ತಿದ್ದೇನೆ. ಸಿಗದಿರುವುದು ನಾಮಪದ. ‘ತೀವ್ರೀಕರಣ’ದಲ್ಲಿ ಮತ್ತೆ ಮಾಡಿಸುವವರಷ್ಟೇ ಕಾಣುತ್ತಾರೆ, ಜಾರಿದವನು ಕಾಣುವುದಿಲ್ಲ. ಎರಡನ್ನೂ ಒಳಗೊಳ್ಳುವ ಪದ ನಿಮ್ಮ ಬಳಕೆಯಲ್ಲಿದ್ದರೆ ವಾಕ್ಯದ ಸಮೇತ ತಿಳಿಸಿ.