ಕೂದಲೆಳೆಯಲ್ಲಿ ತಪ್ಪಿದ ರೈಲು ಅಪಘಾತಗಳ ಗೋಪ್ಯ ವರದಿ: ಶಿಸ್ತು ಸಡಿಲವಾಗುವುದಿಲ್ಲವೇ?

ಪ್ರಶ್ನೆ – ಹಳಿಯಾಚೆ

ಅಮೆರಿಕದ ಕೆಲವು ರೈಲು ಕಂಪನಿಗಳಲ್ಲಿ ಸಿ3ಆರ್‌ಎಸ್ ಎಂಬ ವ್ಯವಸ್ಥೆಯಿದೆ. ಅಪಘಾತವೊಂದು ಕೂದಲೆಳೆಯ ಅಂತರದಲ್ಲಿ ತಪ್ಪಿದಾಗ, ಅದಕ್ಕೆ ತನ್ನದೇ ತಪ್ಪು ಕಾರಣವಾಗಿದ್ದರೂ, ನೌಕರನು ಗೋಪ್ಯವಾಗಿ ವರದಿ ಮಾಡಬಹುದು. ವರದಿ ನಿಯಮಗಳಿಗೆ ಒಳಪಟ್ಟಿದ್ದರೆ ಕಂಪನಿಯಾಗಲಿ ಸರ್ಕಾರಿ ನಿಯಂತ್ರಕರಾಗಲಿ ಅವನನ್ನು ಶಿಕ್ಷಿಸುವಂತಿಲ್ಲ. ಇದನ್ನು ಓದುವಾಗ ನನಗೆ ಕೆಲವು ಸಂದೇಹಗಳು ಮೂಡಿದವು. ಕೆಂಪು ಸಿಗ್ನಲ್ ದಾಟಿದವನು ಒಂದು ವರದಿ ಬರೆದು ಪಾರಾಗುವುದಾದರೆ ಶಿಸ್ತು ಉಳಿಯುವುದು ಹೇಗೆ? ಹೆಸರು ಹೊರಬೀಳಬಾರದೆಂಬುದೇ ಉದ್ದೇಶವಾಗಿದ್ದರೆ ಅನಾಮಧೇಯ ಪತ್ರಗಳಿಗಾಗಿ ಒಂದು ಪೆಟ್ಟಿಗೆ ಇಟ್ಟರೆ ಸಾಲದೇ? ಈ ವರದಿಗಳನ್ನು ಸ್ವೀಕರಿಸಲು ಬಾಹ್ಯಾಕಾಶ ಸಂಸ್ಥೆಯಾದ ನಾಸಾ ನಡುವೆ ಏಕೆ ಬರಬೇಕು?

ಉತ್ತರ – ನ್ಯೂಜೆರ್ಸಿ ಕನ್ನಡಿಗ

ನಾಸಾ ಪ್ರಶ್ನೆಯ ಉತ್ತರ ವಿಮಾನಯಾನದಲ್ಲಿದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲೆಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ಟಿಡಬ್ಲ್ಯೂಎ 514 ವಿಮಾನ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಎಷ್ಟು ಎತ್ತರಕ್ಕೆ ಇಳಿಯಬಹುದೆಂಬ ಗೊಂದಲ ಅದಕ್ಕೆ ಕಾರಣ. ಅದೇ ಗೊಂದಲದಿಂದ ಕೆಲವೇ ವಾರಗಳ ಹಿಂದೆ ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ ಸ್ವಲ್ಪದರಲ್ಲೇ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು, ಆದರೆ ಆ ಸುದ್ದಿ ಉಳಿದವರನ್ನು ತಲುಪಿರಲಿಲ್ಲ. 1976ರಲ್ಲಿ ಪೈಲಟ್‌ಗಳ ಗೋಪ್ಯ ವರದಿಗಳನ್ನು ಸ್ವೀಕರಿಸುವ ಹೊಣೆಯನ್ನು ನಾಸಾಗೆ ವಹಿಸಿದರು, ಏಕೆಂದರೆ ಪೈಲಟ್‌ನ ಪರವಾನಗಿಯನ್ನು ಕಿತ್ತುಕೊಳ್ಳುವ ಅಧಿಕಾರ ಅದಕ್ಕಿರಲಿಲ್ಲ. ರೈಲ್ವೆಯಲ್ಲಿ ಸರ್ಕಾರಿ ನಿಯಂತ್ರಕ ಸಂಸ್ಥೆಯಾದ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ಈ ಪ್ರಯೋಗವನ್ನು 2007ರಲ್ಲಿ ನೆಬ್ರಾಸ್ಕಾದ ನಾರ್ತ್ ಪ್ಲಾಟ್‌ನಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯೊಡನೆ ಆರಂಭಿಸಿತು. ಮೊದಮೊದಲು ಸಾರಿಗೆ ಅಂಕಿಅಂಶ ಇಲಾಖೆಗೆ ಹೋಗುತ್ತಿದ್ದ ವರದಿಗಳು ಆಮೇಲೆ ನಾಸಾಗೆ ಹೋಗತೊಡಗಿದವು.

ಅನಾಮಧೇಯ ಪತ್ರ ಏಕೆ ಸಾಲದೆಂದರೆ, ಬರೆದವನನ್ನು ಮರಳಿ ಕೇಳಲು ಅದರಲ್ಲಿ ದಾರಿಯಿರುವುದಿಲ್ಲ. ಇಲ್ಲಿ ವರದಿಗಾರನ ಹೆಸರು ನಾಸಾದ ವಿಶ್ಲೇಷಕರಿಗೆ ಗೊತ್ತಿರುತ್ತದೆ. ಅವರು ಅವನಿಗೆ ಫೋನ್ ಮಾಡಿ, ಪಾಳಿ ಎಷ್ಟು ಉದ್ದವಾಗಿತ್ತು, ರೇಡಿಯೋದಲ್ಲಿ ಕೇಳಿಸಿದ್ದೇನು, ಸಿಗ್ನಲ್ ಯಾವುದರ ಮರೆಯಲ್ಲಿತ್ತು ಎಂದು ವಿಚಾರಿಸಿ, ಗುರುತುಗಳನ್ನೆಲ್ಲ ತೆಗೆದ ಮೇಲೆಯೇ ವರದಿಯನ್ನು ಪರಿಶೀಲನಾ ತಂಡಕ್ಕೆ ಕೊಡುತ್ತಾರೆ. ಆ ತಂಡದಲ್ಲಿ ಆಡಳಿತ, ಕಾರ್ಮಿಕ ಸಂಘ ಮತ್ತು ನಿಯಂತ್ರಕರು, ಮೂವರ ಪ್ರತಿನಿಧಿಗಳೂ ಇರುತ್ತಾರೆ.

ಇನ್ನು ಶಿಸ್ತಿನ ಮಾತು. ಅಪಘಾತ ನಡೆದೇಹೋಗಿದ್ದರೆ, ಯಾರಿಗಾದರೂ ಗಾಯವಾಗಿದ್ದರೆ, ಮದ್ಯ ಅಥವಾ ಮಾದಕವಸ್ತು ಸೇವಿಸಿದ್ದರೆ, ಬೇಕೆಂದೇ ಮಾಡಿದ್ದರೆ, ಮೇಲಧಿಕಾರಿ ಅದನ್ನು ಆಗಲೇ ಕಣ್ಣಾರೆ ಕಂಡಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಉಳಿಯುವುದು ಆಡಳಿತಕ್ಕೆ ಬೇರೆ ದಾರಿಯಿಂದ ತಿಳಿಯುವ ಸಂಭವವೇ ಕಡಿಮೆಯಿರುವ ಘಟನೆಗಳು ಮಾತ್ರ. ಹೇಗೂ ವಿಧಿಸಲಾಗದಿದ್ದ ಶಿಕ್ಷೆಯನ್ನು ಬಿಟ್ಟುಕೊಟ್ಟು ಕಂಪನಿ ಒಂದು ಮಾಹಿತಿಯನ್ನು ಪಡೆಯುತ್ತದೆ. ನನ್ನ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರವಲ್ಲ.

ಉತ್ತರ – ಸಿಗ್ನಲ್ ಕ್ಯಾಬಿನ್

ಮೇಲಿನ ವಿವರಣೆ ಸರಿಯಾಗಿದೆ, ಆದರೆ ವರದಿ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ ಎಂಬ ಧ್ವನಿಯನ್ನು ನಾನು ಒಪ್ಪಲಾರೆ. 1999ರ ಅಕ್ಟೋಬರ್ 5ರಂದು ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿಯಾಗಿ 31 ಮಂದಿ ಸತ್ತರು. ಅಂದು ಚಾಲಕ ಕೆಂಪಿನಲ್ಲಿ ದಾಟಿದ ಎಸ್‌ಎನ್109 ಸಿಗ್ನಲನ್ನು ಅದಕ್ಕೆ ಮೊದಲಿನ ಆರು ವರ್ಷಗಳಲ್ಲಿ ಎಂಟು ಬಾರಿ ಹಾಗೆಯೇ ದಾಟಲಾಗಿತ್ತು, ಮತ್ತು ಅದೆಲ್ಲ ಕಡತದಲ್ಲೇ ಇತ್ತು! ಸಿಗ್ನಲ್ ಸರಿಯಾಗಿ ಕಾಣುವುದಿಲ್ಲವೆಂಬುದು ಗೊತ್ತಿದ್ದೂ ಅದನ್ನು ಸರಿಪಡಿಸುವ ಹೊಣೆಯನ್ನು ಯಾರೂ ಹೊತ್ತಿರಲಿಲ್ಲ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಸಿರಾಸ್ ಎಂಬ ಗೋಪ್ಯ ವರದಿ ವ್ಯವಸ್ಥೆ ಬ್ರಿಟನ್ನಿನ ಮುಖ್ಯ ರೈಲುಮಾರ್ಗಗಳಿಗೆಲ್ಲ ಕಡ್ಡಾಯವಾದದ್ದು ಈ ದುರಂತದ ನಂತರ. ಅದು ಅಮೆರಿಕದಂತೆ ಶಿಕ್ಷೆಯಿಂದ ವಿನಾಯಿತಿ ಕೊಡುವುದಿಲ್ಲ. ಹೆಸರು ಮುಚ್ಚಿಟ್ಟು ದೂರನ್ನು ಕಂಪನಿಗೆ ಕಳುಹಿಸಿ, ಕಂಪನಿಯಿಂದ ಉತ್ತರ ತರಿಸಿ ದೂರು ಕೊಟ್ಟವನಿಗೆ ತಲುಪಿಸುತ್ತದೆ. ತನ್ನ ಮಾತಿನಿಂದ ಏನಾಯಿತೆಂದು ತಿಳಿಯದ ನೌಕರ ಎರಡನೆಯ ಸಲ ಬರೆಯುವುದಿಲ್ಲವಾದ್ದರಿಂದ, ನನಗೆ ಇದೇ ಮುಖ್ಯವಾಗಿ ಕಾಣುತ್ತದೆ.

ಉತ್ತರ – ಬೀರೂರಿನವ

ನಮ್ಮ ಕಡೆಯ ಉದಾಹರಣೆಯೂ ಇದನ್ನೇ ಹೇಳುತ್ತದೆ. 2023ರ ಫೆಬ್ರವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಾಗ ಪಾಯಿಂಟ್ (ಗಾಡಿಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ಭಾಗ) ತಪ್ಪು ಲೈನಿಗೆ ತಿರುಗಿರುವುದನ್ನು ಲೋಕೋ ಪೈಲಟ್ ಗಮನಿಸಿ ಗಾಡಿ ನಿಲ್ಲಿಸಿದರು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆಯೆಂದು ಪತ್ರ ಬರೆದರು. ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಮುಖ್ಯ ಲೈನಿಗೆ ಹಸಿರು ಸಿಗ್ನಲ್ ಪಡೆದ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಲೈನಿಗೆ ನುಗ್ಗಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಸುರಕ್ಷತಾ ಆಯುಕ್ತರ ತನಿಖೆ ಇನ್ನೊಂದು ಸಂಗತಿಯನ್ನೂ ಎತ್ತಿತು: 2022ರ ಮೇ 16ರಂದು ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್‌ನಲ್ಲಿ ತಪ್ಪು ವೈರಿಂಗ್‌ನಿಂದಾಗಿ ಇಂಥದ್ದೇ ಘಟನೆ ನಡೆದಿತ್ತು, ಆಗಲೇ ದೋಷಗಳನ್ನು ತಿದ್ದಿದ್ದರೆ ಈ ಅಪಘಾತ ಆಗುತ್ತಿರಲಿಲ್ಲ. ಈ ಎರಡರಲ್ಲಿಯೂ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ, ಆದ್ದರಿಂದ ಗೋಪ್ಯತೆಯೊಂದೇ ಇವನ್ನು ತಡೆಯುತ್ತಿತ್ತೆನ್ನಲಾಗದು. ಆದರೆ ಕೆಂಪು ಸಿಗ್ನಲ್ ದಾಟಿದ ಲೋಕೋ ಪೈಲಟ್‌ಗೆ ಕಠಿಣ ಶಿಕ್ಷೆ ಕಾದಿರುವ ನಮ್ಮಲ್ಲಿ, ದಾಟುವುದು ಸ್ವಲ್ಪದರಲ್ಲಿ ತಪ್ಪಿತೆಂದು ತಾವಾಗಿ ಹೇಳುವವರು ಎಷ್ಟು ಮಂದಿ ಇದ್ದಾರು?

ಮರುಪ್ರಶ್ನೆ – ಹಳಿಯಾಚೆ

ಎಲ್ಲರಿಗೂ ಧನ್ಯವಾದಗಳು. ಒಬ್ಬನೇ ಮತ್ತೆ ಮತ್ತೆ ಅದೇ ತಪ್ಪು ಮಾಡಿ ಪ್ರತಿ ಸಲವೂ ವರದಿ ಬರೆದರೆ ಏನು ಮಾಡುತ್ತಾರೆ?

ಉತ್ತರ – ನ್ಯೂಜೆರ್ಸಿ ಕನ್ನಡಿಗ

ಜಗಳವಿರುವುದು ಸರಿಯಾಗಿ ಅಲ್ಲಿಯೇ. 2023ರ ಫೆಬ್ರವರಿಯಲ್ಲಿ ಓಹಾಯೋದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ರಾಸಾಯನಿಕ ತುಂಬಿದ್ದ ಗೂಡ್ಸ್ ರೈಲು ಹಳಿ ತಪ್ಪಿದ ಮೇಲೆ ದೊಡ್ಡ ಸರಕು ಸಾಗಣೆ ಕಂಪನಿಗಳೆಲ್ಲ ಸಿ3ಆರ್‌ಎಸ್‌ಗೆ ಸೇರುವುದಾಗಿ ಮಾತು ಕೊಟ್ಟವು, ಆದರೆ ಇಂಥ ನೌಕರರನ್ನು ಶಿಕ್ಷಿಸುವ ಹಕ್ಕು ತಮಗೆ ಬೇಕೆಂದು ಪಟ್ಟು ಹಿಡಿದವು, ಸಂಘಗಳು ಒಪ್ಪಲಿಲ್ಲ. ಕೊನೆಗೆ 2024ರ ಜನವರಿಯಲ್ಲಿ ಆ ರೈಲನ್ನು ಓಡಿಸುತ್ತಿದ್ದ ನಾರ್ಫೋಕ್ ಸದರ್ನ್ ಕಂಪನಿ ಮೂರು ಕಡೆಗಳಲ್ಲಿ ಸುಮಾರು ಸಾವಿರ ನೌಕರರಿಗೆ ಪ್ರಾಯೋಗಿಕವಾಗಿ ಒಪ್ಪಿತು. ನನ್ನ ಅಭಿಪ್ರಾಯದಲ್ಲಿ ಒಂದೇ ತಪ್ಪು ಮರುಕಳಿಸಿದರೆ ಮೊದಲು ನೋಡಬೇಕಾದದ್ದು ತರಬೇತಿಯನ್ನೂ ಆ ಜಾಗವನ್ನೂ. ಎಸ್‌ಎನ್109ನ್ನು ದಾಟಿದವರೆಲ್ಲ ಒಬ್ಬನೇ ಚಾಲಕನಾಗಿರಲಿಲ್ಲವಲ್ಲ.